ಸೋಮವಾರ ಪಾಠ ಮಾಡ್ಲಿಕ್ಕೆ ಕ್ಲಾಸಿಗೆ ಹೋಗುವ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಲ್ಲಿ ಕೇಳಿದೆಯಲ್ಲ, "ಅಪ್ಪಾ, ಕ್ಲಾಸಲ್ಲಿ ಯಾರಾದ್ರೂ ನಂಗೆ ಗೊತ್ತಿಲ್ಲದ್ದು ಕೇಳಿದ್ರೆ ಎಂತ ಮಾಡುದು" ಅಂತ. ಆಗ ಅಂಗಳದಲ್ಲಿ ಅಡಿಕೆ ಒಣಗ್ತಾ ಇತ್ತು, ಮೋಡ ಬೇರೆ ಕವಿದಿತ್ತು, ಎಲ್ಲ ಬಾಚಿ ಒಳಗೆ ಹಾಕುವ ಗಡಿಬಿಡಿಯಲ್ಲಿ ಸರಿಯಾಗಿ ಮಾತಾಡ್ಲಿಕ್ಕೆ ಆಗ್ಲಿಲ್ಲ. ರಾತ್ರಿ ಇಡೀ ಅದೇ ತಲೆಯಲ್ಲಿ.

31 ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಮಾಡಿ ಬದಿಯಡ್ಕಕ್ಕೆ ವಾಪಸ್ ಬಂದವ ನಾನು. ಪ್ರಮೋಷನ್ನು, ವ್ಯಾಲ್ಯುವೇಷನ್ನು, ಮೀಟಿಂಗು ಎಲ್ಲ ನಿಂಗೆ ತನ್ನಿಂತಾನೇ ಗೊತ್ತಾಗ್ತದೆ, ಅದು ಬಿಡು. ಒಂದು ವಿಷಯ ಮಾತ್ರ ಹೇಳ್ಬೇಕು.

ಒಂದು ಸಲ ಎಮ್ಮೆಸ್ಸಿ ಫಸ್ಟ್ ಇಯರಿಗೆ ಸ್ಯಾಂಪ್ಲಿಂಗ್ ಪಾಠ ಮಾಡ್ತಿದ್ದೆ, ಅದೇ, ಸ್ವಲ್ಪ ತೆಗೆದು ನೋಡಿ ಇಡೀ ರಾಶಿಯ ಅಂದಾಜು ಮಾಡುದು. ಪೆರ್ಲದ ಕಡೆಯ ಒಬ್ಬಳು ಹುಡುಗಿ ಎದ್ದು ಕೇಳಿದ್ಲು, "ಸರ್, ಒಂದು ಗೋಣಿ ಅಡಿಕೆಗೆ 100 ತೆಗೆದು ನೋಡಿದ್ರೆ ಸಾಕು ಸರಿ, ಹತ್ತು ಗೋಣಿ ಇದ್ರೂ 100 ಸಾಕು ಅಂತೀರಲ್ಲ, ಅದು ಹೇಗೆ?" ನಂಗೆ ಪೋರ್ಷನ್ ಮುಗಿಸುವ ಅರ್ಜೆಂಟು. ಫಾರ್ಮುಲಾ ಹಾಗೇ ಉಂಟು, ಬರ್ಕೋ ಅಂದೆ. ಕೂತ್ಲು. ಆ ವರ್ಷ ಇಡೀ ಮತ್ತೊಂದು ಪ್ರಶ್ನೆ ಅವಳ ಬಾಯಿಂದ ಬರ್ಲಿಲ್ಲ ಮಗಳೇ, ಇವತ್ತಿಗೂ ನಂಗೆ ಅದು ನೋವು.

ಲೆಕ್ಕ ಮಾಡಿ ತೋರಿಸ್ಲಿಕ್ಕೆ ಐದು ನಿಮಿಷ ಸಾಕಿತ್ತು. ನೂರರಲ್ಲಿ ಹತ್ತು ಹಾಳು ಅಂತ ಇಟ್ಕೋ, ಗೋಣಿಯಲ್ಲಿ 5000 ಅಡಿಕೆ ಇದ್ರೆ 100ರ ಸ್ಯಾಂಪಲಿಗೆ ಸ್ಟಾಂಡರ್ಡ್ ಎರರ್, ಅಂದ್ರೆ ನಮ್ಮ ಅಂದಾಜು ಸಾಮಾನ್ಯವಾಗಿ ಎಷ್ಟು ಆಚೀಚೆ ಆಗ್ತದೆ ಅನ್ನುವ ಅಳತೆ, ಶೇಕಡಾ 2.97, ಹತ್ತು ಗೋಣಿಯ 50,000 ಇದ್ರೆ 3.00, ಅಷ್ಟೇ ವ್ಯತ್ಯಾಸ. ಆದ್ರೆ ಅವಳ ಅನುಮಾನ ಬೇರೆ ಕಡೆ ಇತ್ತು ಅಂತ ಹೊಳೆದದ್ದು ಮನೆಗೆ ಅಡಿಕೆ ವ್ಯಾಪಾರಿ ಬಂದಾಗ. ಅವ್ರು ಮೇಲಿನ ಅಡಿಕೆ ಕಡೆ ಕಣ್ಣೇ ಹಾಕ್ಲಿಲ್ಲ, ಒಂದೊಂದು ಗೋಣಿಗೂ ಮೊಣಕೈವರೆಗೆ ಕೈ ಇಳಿಸಿ ಒಂದು ಮುಷ್ಟಿ ತೆಗೆದು ಅಡಕತ್ತರಿಯಲ್ಲಿ ಕೊರೆದು ಒಳಗಿನ ಬಿಳಿ ನೋಡಿದ್ರು. ಗೋಣಿ ಗೋಣಿಗೆ ಅಡಿಕೆ ಬೇರೆ ಇರ್ತದೆ, ಎಲ್ಲಾ ಅಡಿಕೆಗೂ ಕೈಗೆ ಸಿಗುವ ಸಮಾನ ಚಾನ್ಸ್ ಇದ್ರೆ ಮಾತ್ರ ನನ್ನ ಫಾರ್ಮುಲಾ ನಿಲ್ತದೆ. ತೋಟದ ಮನೆಯ ಹುಡುಗಿ ಅದನ್ನೇ ಕೇಳಿದ್ದು.

ಸ್ಟಾಟಿಸ್ಟಿಕ್ಸಿನ ದೊಡ್ಡ ವಿದ್ವಾಂಸ ಸಿ. ಆರ್. ರಾವ್ ಅವರ ವಿಷಯ ನಿಂಗೆ ಗೊತ್ತುಂಟಲ್ಲ, 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು, ಆಗ ಅದೂ ನಮ್ಮ ಕಾಸರಗೋಡೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಕಲ್ಕತ್ತಾದಲ್ಲಿ ಪಾಠ ಮಾಡುವಾಗ ಇನ್ನೂ 25 ತುಂಬದ ಹುಡುಗ. ಇಂಗ್ಲೆಂಡಿನ ಸ್ಟಾಟಿಸ್ಟಿಕ್ಸ್ ವಿದ್ವಾಂಸ ಫಿಶರ್ ಅವರ ಒಂದು ಫಲಿತಾಂಶ ಹೇಳ್ತಿದ್ರು, ಅದು ದೊಡ್ಡ ಸ್ಯಾಂಪಲಿಗೆ ಮಾತ್ರ. ದಾಂಡೇಕರ್ ಅಂತ ಸ್ಟೂಡೆಂಟ್, ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞ ಆದವರು, ಸಣ್ಣ ಸ್ಯಾಂಪಲಿಗೂ ಆಗ್ತದಾ ಅಂತ ಕೇಳಿದ್ರು. ರಾವ್ ರಾತ್ರಿ ಕೂತು ಸಾಧಿಸಿ ಮರುದಿನ ಕ್ಲಾಸಲ್ಲಿ ತೋರಿಸಿದ್ರು. ನೀನು ಸೋಮವಾರದಿಂದ ಬೋರ್ಡಲ್ಲಿ ಬರೆಯುವ ಕ್ರಾಮರ್-ರಾವ್ ಬೌಂಡ್ ಅದೇ, ಪಕ್ಷಪಾತ ಇಲ್ಲದ ಅಂದಾಜು ಎಷ್ಟೇ ಒಳ್ಳೇದಾದ್ರೂ ಅದರ ಏರಿಳಿತ ಇದಕ್ಕಿಂತ ಕಡಿಮೆ ಆಗುದಿಲ್ಲ ಅನ್ನುವ ಮಿತಿ, 1945ರ ಪೇಪರು. 2023ರಲ್ಲಿ, 102ನೇ ವಯಸ್ಸಲ್ಲಿ, ಸ್ಟಾಟಿಸ್ಟಿಕ್ಸಿನ ಅಂತಾರಾಷ್ಟ್ರೀಯ ಪ್ರಶಸ್ತಿ ಬಂದಾಗಲೂ ಎಲ್ಲರೂ ನೆನೆದದ್ದು ಆ ಪೇಪರನ್ನೇ. ಅವ್ರೂ "ಬರ್ಕೋ" ಅನ್ಬಹುದಿತ್ತು.

ಹಾಗಾಗಿ ಗೊತ್ತಿಲ್ಲದಿದ್ರೆ ಗೊತ್ತಿಲ್ಲ, ನಾಳೆ ನೋಡ್ಕೊಂಡು ಬರ್ತೇನೆ ಅಂತ ಹೇಳು, ಮತ್ತೆ ನಿಜವಾಗಿ ನೋಡ್ಕೊಂಡು ಹೋಗು.

ಅಮ್ಮ ಕಟ್ಟಿದ ಪಾರ್ಸೆಲ್ಲಲ್ಲಿ ಹಪ್ಪಳದ ಕೆಳಗೆ ಒಂದು ಕಿಲೋ ಚಾಲಿ ಅಡಿಕೆಯೂ ಅಜ್ಜನ ಅಡಕತ್ತರಿಯೂ ಉಂಟು. ಒಳ್ಳೇದು ಹಾಳು ನಾನು ಆರಿಸಿಲ್ಲ, ಹಾಗೇ ತುಂಬಿಸಿದ್ದೇನೆ. ಸ್ಯಾಂಪ್ಲಿಂಗ್ ಬರುವಾಗ ಮಕ್ಕಳ ಕೈಗೆ ಕೊಡು, ಅವ್ರೇ ಕೊರೆದು ನೋಡ್ಲಿ.

ಅಪ್ಪ