ಸಿಡಿಲಿನಂತೆ ಎರಗುವ ತಲೆನೋವಿಗೆ ಆರು ಗಂಟೆಯೊಳಗೆ ಸ್ಕ್ಯಾನ್ ಆಗಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಶಿಡ್ಲಘಟ್ಟದ ಕಡೆ ತಲೆನೋವು ಎಂದರೆ ಪಿತ್ತ, ನಿದ್ದೆಗೇಡು, ಬಿಸಿಲು, ಇಲ್ಲವೇ ‘ಗ್ಯಾಸ್ಟ್ರಿಕ್’. ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಒಂದು ಬಗೆಯ ತಲೆನೋವು ಇವೆಲ್ಲಕ್ಕಿಂತ ಬೇರೆ. ಅದನ್ನು ಮೊದಲ ಕೆಲವು ಗಂಟೆಗಳಲ್ಲಿ ಗುರುತಿಸುವುದಕ್ಕೂ ಗುರುತಿಸದೇ ಇರುವುದಕ್ಕೂ ಒಂದು ಜೀವದಷ್ಟು ಅಂತರವಿದೆ. ನಮ್ಮ ಮನೆಯಲ್ಲಿ ಅದನ್ನು ಗುರುತಿಸಲಾಗಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರ ಮುಂದೆಯೂ ಆರೋಗ್ಯ ಇಲಾಖೆಯವರ ಮುಂದೆಯೂ ಆ ವಿಷಯವನ್ನು ವಿವರವಾಗಿ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ಮಾಘ ಮಾಸದ ಒಂದು ಬೆಳಿಗ್ಗೆ, ಐವತ್ತೆರಡು ವರ್ಷದ ನಮ್ಮ ಅತ್ತಿಗೆಯವರು ರೇಷ್ಮೆ ಹುಳುಮನೆಯಲ್ಲಿ ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆ) ಗೂಡು ಬಿಡಿಸುತ್ತ ಕುಳಿತಿದ್ದರು. ಕೈಯಲ್ಲಿದ್ದ ಗೂಡುಗಳನ್ನು ಬುಟ್ಟಿಗೆ ಹಾಕಿದವರು ಇದ್ದಕ್ಕಿದ್ದಂತೆ ಎರಡೂ ಕೈಗಳಿಂದ ತಲೆಯ ಹಿಂಭಾಗವನ್ನು ಒತ್ತಿ ಹಿಡಿದು, ‘ತಲೆ ಒಳಗೆ ಏನೋ ಒಡೆದುಹೋಯ್ತು ಕಣಪ್ಪ’ ಎಂದರು. ಹಿಂದೆಯೇ ವಾಂತಿಯಾಯಿತು. ಒಂದು ನಿಮಿಷದ ಮಟ್ಟಿಗೆ ಪ್ರಜ್ಞೆಯೂ ತಪ್ಪಿತು. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟದ್ದೇ ಕಾರಣವೆಂದು ಮನೆಯವರೆಲ್ಲ ಅಂದುಕೊಂಡೆವು. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದೊಯ್ದಾಗ ರಕ್ತದೊತ್ತಡ 170 ಇತ್ತು. ವಾಂತಿಗೆ ಒಂದು ಇಂಜೆಕ್ಷನ್ ಕೊಟ್ಟರು, ನೋವಿಗೆ, ಬಿ.ಪಿ.ಗೆ ಮಾತ್ರೆ ಬರೆದರು. ಎಲ್ಲಿ ನೋವು, ಎಷ್ಟು ಹೊತ್ತಿನಿಂದ ನೋವು ಎಂದು ಕೇಳಿದರು. ಹೇಗೆ ಶುರುವಾಯಿತು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಸಂಜೆಗೆ ನೋವು ಅರ್ಧ ಇಳಿಯಿತು. ಮಾರನೆಯ ದಿನ ಕುತ್ತಿಗೆ ಹಿಡಿದುಕೊಂಡಿತು, ಗದ್ದವನ್ನು ಎದೆಗೆ ತಾಗಿಸಲು ಆಗುತ್ತಿರಲಿಲ್ಲ. ದಿಂಬು ಸರಿಯಿಲ್ಲವೆಂದುಕೊಂಡು ಬಿಸಿ ಎಣ್ಣೆ ಹಚ್ಚಿ ನೀವಿದೆವು. ಮೂರನೆಯ ದಿನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಅದನ್ನು ನಾನೇ ನೋಡಿದೆ, ದಣಿವಿರಬೇಕೆಂದು ಸುಮ್ಮನಾದೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವನು ನಾನು. ಆ ರೆಪ್ಪೆ ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದಿನ ರಾತ್ರಿ ಎರಡನೆಯ ಸಲ ಅದೇ ಪೆಟ್ಟು ಬಿತ್ತು, ಈ ಬಾರಿ ಅವರು ಕೂಗಲೂ ಇಲ್ಲ.

ಕೊನೆಗೂ ಸಿ.ಟಿ. ಸ್ಕ್ಯಾನ್ ಆದಾಗ ವೈದ್ಯರೊಬ್ಬರು ಚಿತ್ರವನ್ನು ನನಗೆ ತೋರಿಸಿದರು. ಮಿದುಳಿನ ಬುಡದಲ್ಲಿ ನಕ್ಷತ್ರದ ಆಕಾರದ ಒಂದು ಜಾಗವಿದೆ. ಅಲ್ಲಿ ನೀರಿನಂಥ ದ್ರವ ಇರುವುದರಿಂದ ಸ್ಕ್ಯಾನಿನಲ್ಲಿ ಅದು ಕಪ್ಪಾಗಿ ಕಾಣಬೇಕು. ಅತ್ತಿಗೆಯವರ ಚಿತ್ರದಲ್ಲಿ ಆ ನಕ್ಷತ್ರ ಪೂರ್ತಿ ಬೆಳ್ಳಗಿತ್ತು. ಆ ಬಿಳುಪೆಲ್ಲ ರಕ್ತ.

ಮಿದುಳಿಗೆ ಮೂರು ಹೊದಿಕೆಗಳಿವೆ. ನಡುವಿನ ಹೊದಿಕೆಗೂ ಮಿದುಳಿಗೆ ಅಂಟಿಕೊಂಡ ಒಳಹೊದಿಕೆಗೂ ಮಧ್ಯೆ ಇರುವ ದ್ರವದಲ್ಲಿ ಮಿದುಳಿನ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಇವು ಕವಲೊಡೆಯುವ ಜಾಗಗಳಲ್ಲಿ ಗೋಡೆ ದುರ್ಬಲವಾಗಿದ್ದರೆ, ಹಳೆಯ ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವಂತೆ, ಕಾಲಕ್ರಮದಲ್ಲಿ ಸಣ್ಣದೊಂದು ಉಬ್ಬು ಬೆಳೆಯುತ್ತದೆ. ಇದನ್ನೇ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆಂದು ಅಂದಾಜಿದೆ. ಅವರಲ್ಲಿ ಬಹುತೇಕರಿಗೆ ಅದು ಜೀವನಪೂರ್ತಿ ಒಡೆಯುವುದೂ ಇಲ್ಲ, ಇದೆಯೆಂದು ತಿಳಿಯುವುದೂ ಇಲ್ಲ. ಆದ್ದರಿಂದ ಇದನ್ನು ಓದಿದವರು ಗಾಬರಿಯಾಗಬೇಕಿಲ್ಲ. ಆದರೆ ಒಡೆದಾಗ ರಕ್ತ ಮಿದುಳಿನ ಸುತ್ತ ಕ್ಷಣಾರ್ಧದಲ್ಲಿ ಹರಡುತ್ತದೆ. ಆಗ ಬರುವ ತಲೆನೋವು ಒಂದು ನಿಮಿಷದೊಳಗೇ ತನ್ನ ತುತ್ತತುದಿ ಮುಟ್ಟುತ್ತದೆ. ಅರೆತಲೆನೋವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅರೆತಲೆನೋವು ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ, ಇದು ಸಿಡಿಲಿನಂತೆ ಎರಗುತ್ತದೆ. ಜೊತೆಗೆ ವಾಂತಿ, ಸ್ವಲ್ಪ ಹೊತ್ತು ಎಚ್ಚರ ತಪ್ಪುವುದು, ಬೆಳಕನ್ನು ನೋಡಲಾಗದಿರುವುದು, ಕೆಲವು ಗಂಟೆಗಳ ಬಳಿಕ ಕುತ್ತಿಗೆ ಬಿಗಿಯುವುದು ಇರಬಹುದು. ಒಂದು ಕಣ್ಣಿನ ರೆಪ್ಪೆ ಬಿದ್ದು ಅದೇ ಕಣ್ಣಿನ ಪಾಪೆ ಹಿಗ್ಗಿದ್ದರೆ, ಉಬ್ಬು ಆ ಕಣ್ಣಿನ ನರವನ್ನು ಒತ್ತುತ್ತಿದೆ ಎಂದರ್ಥವಾಗಬಹುದು. ಆಗ ಒಂದು ದಿನ ಕಾಯುವುದೂ ತಪ್ಪು.

ಇಂಥ ರಕ್ತಸ್ರಾವವಾದವರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ. ಅವರ ವಿಷಯದಲ್ಲಿ ಮಾಡಬಹುದಾದದ್ದು ಕಡಿಮೆ. ನನ್ನ ಸಂಕಟ ಇರುವುದು ಅತ್ತಿಗೆಯವರಂಥವರ ಬಗ್ಗೆ. ಮೊದಲ ಸಲ ಒಡೆದಾಗ ಅವರ ಉಬ್ಬು ತಾನಾಗಿಯೇ ಹೆಪ್ಪುಗಟ್ಟಿ ಮುಚ್ಚಿಕೊಂಡಿತ್ತು. ಆ ದಿನ ಅವರು ಮಾತನಾಡುತ್ತಿದ್ದರು, ತಾವೇ ನಡೆದು ಆಟೋ ಹತ್ತಿದರು. ಆ ತೆಳು ಹೆಪ್ಪು ಮತ್ತೆ ಬಿಚ್ಚಿಕೊಳ್ಳುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚು, ಆಮೇಲೂ ವಾರಗಟ್ಟಲೆ ಇದ್ದೇ ಇರುತ್ತದೆ. ಎರಡನೆಯ ಸಲ ಒಡೆದರೆ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಎಂದರೆ, ತಲೆನೋವು ಎಂದು ನಡೆದುಕೊಂಡು ಬಂದ ರೋಗಿಯೇ ಅತಿ ಹೆಚ್ಚು ಉಳಿಸಬಹುದಾದ ರೋಗಿ. ನಮ್ಮಲ್ಲಿ ಮಾತ್ರೆ ಕೊಟ್ಟು ಮನೆಗೆ ಕಳುಹಿಸುವುದೂ ಅವರನ್ನೇ.

ಆ ಕ್ಲಿನಿಕ್ಕಿನ ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ದಿನಕ್ಕೆ ನೂರು ಮಂದಿಯನ್ನು ನೋಡುವವರಿಗೆ ಇಂಥ ರೋಗಿ ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಎಲ್ಲ ಸೌಕರ್ಯಗಳಿರುವ ಅಮೆರಿಕದ ಒಂದು ದೊಡ್ಡ ಆಸ್ಪತ್ರೆಗೆ ದಾಖಲಾದ ಇಂಥ 482 ರೋಗಿಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ 12ರಷ್ಟು ಮಂದಿಯ ಕಾಯಿಲೆಯನ್ನು ಅವರು ಮೊದಲು ಕಂಡ ವೈದ್ಯರು ಬೇರೇನೋ ಎಂದುಕೊಂಡಿದ್ದರು. ಹಾಗಾಗಲು ಮುಖ್ಯ ಕಾರಣ ಒಂದೇ, ಸ್ಕ್ಯಾನ್ ಮಾಡಿಸದೇ ಇದ್ದದ್ದು. ನೋವಿನ ಮಾತ್ರೆಗೆ ನೋವು ತಗ್ಗಿತೆಂದೋ, ಬಿ.ಪಿ. ಹೆಚ್ಚಿತ್ತೆಂದೋ ಸಮಾಧಾನಪಟ್ಟುಕೊಳ್ಳುವಂತಿಲ್ಲ. ರಕ್ತಸ್ರಾವದ ನೋವೂ ಮಾತ್ರೆಗೆ ತಗ್ಗಬಹುದು, ರಕ್ತಸ್ರಾವವೇ ಬಿ.ಪಿ.ಯನ್ನು ಏರಿಸುತ್ತದೆ. ಇನ್ನೂ ಒಂದು ಮೋಸದ ಜಾಗವಿದೆ. ಇಂಥ ರೋಗಿಗಳ ಇ.ಸಿ.ಜಿ.ಯಲ್ಲಿ ಕೆಲವೊಮ್ಮೆ ಹೃದಯಾಘಾತವಾದಂತೆ ಬದಲಾವಣೆಗಳು ಕಾಣುತ್ತವೆ. ತಲೆಯ ಕಡೆ ಗಮನ ಕೊಡದೆ ಹೃದಯಾಘಾತವೆಂದು ರಕ್ತ ತೆಳುವಾಗಿಸುವ ಅಥವಾ ಹೆಪ್ಪು ಕರಗಿಸುವ ಔಷಧಿ ಕೊಟ್ಟುಬಿಟ್ಟರೆ ಒಡೆದ ನಾಳಕ್ಕೆ ಅದಕ್ಕಿಂತ ಕೇಡು ಇನ್ನೊಂದಿಲ್ಲ.

ಸ್ಕ್ಯಾನ್ ಬೇಕು ಎಂದರೆ ಸಾಲದು, ಬೇಗ ಬೇಕು. ಕೆನಡಾದ 11 ಆಸ್ಪತ್ರೆಗಳಲ್ಲಿ ಹಠಾತ್ ತಲೆನೋವಿನ 3,132 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ನೋವು ಶುರುವಾದ 6 ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಆಗಿ, ಅದನ್ನು ನುರಿತ ತಜ್ಞರು ಓದಿದ್ದಾಗ, ಒಬ್ಬರ ರಕ್ತಸ್ರಾವವೂ ಕಣ್ತಪ್ಪಲಿಲ್ಲ. ಆರು ಗಂಟೆ ದಾಟಿದ ಮೇಲೆ ಸ್ಕ್ಯಾನ್ ಆದ ರಕ್ತಸ್ರಾವದ ರೋಗಿಗಳಲ್ಲಿ ಅದು ಪತ್ತೆಯಾದದ್ದು ಸುಮಾರು ಶೇ 86 ಮಂದಿಯಲ್ಲಿ ಮಾತ್ರ. ದಿನ ಕಳೆದಂತೆ ರಕ್ತ ತೆಳುವಾಗುತ್ತದೆ, ವಾರದ ಹೊತ್ತಿಗೆ ಸ್ಕ್ಯಾನಿನಲ್ಲಿ ಕಂಡರೂ ಕಂಡಿತು, ಇಲ್ಲದಿದ್ದರೂ ಇಲ್ಲ. ತಡವಾಗಿ ಬಂದವರ ಸ್ಕ್ಯಾನ್ ಸರಿಯಾಗಿದೆ ಎಂದ ಮಾತ್ರಕ್ಕೆ ಮನೆಗೆ ಕಳುಹಿಸಬಾರದು. ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಅದು ಹಳದಿಗಟ್ಟಿದೆಯೇ ಎಂದು ನೋಡಬೇಕು, ಇಲ್ಲವೇ ರಕ್ತನಾಳಗಳ ಆಂಜಿಯೋಗ್ರಾಂ ಮಾಡಿಸಬೇಕು. ‘ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ’ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಭಾಗದಲ್ಲಿ. ಆದ್ದರಿಂದ ಆ ಭಯಕ್ಕೆ ಆಧಾರವಿಲ್ಲ.

ಪತ್ತೆಯಾದ ಮೇಲೆ ಚಿಕಿತ್ಸೆಯಿದೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ‘ಮಿದುಳಲ್ಲಿ ರಕ್ತ ಒಡೆದಿದೆ’ ಎಂದ ಕೂಡಲೇ ರೋಗಿಯನ್ನು ಮನೆಗೆ ಕರೆದೊಯ್ಯುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಲೋಹದ ಸಣ್ಣ ಕ್ಲಿಪ್ ಹಾಕಿ ಮುಚ್ಚುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ ಮೊದಲ ಬಾರಿಗೆ ಮಾಡಿದ್ದು 1937ರಲ್ಲಿ. ತೊಡೆಯ ಸಂದಿನ ರಕ್ತನಾಳದಿಂದ ಕೂದಲೆಳೆಯಂಥ ನಳಿಕೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬಿ ಮುಚ್ಚುವ ವಿಧಾನವನ್ನು ಇಟಲಿಯ ಗ್ವಿಡೊ ಗುಗ್ಲಿಯೆಲ್ಮಿ 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದರು. ಎರಡೂ ವಿಧಾನಕ್ಕೆ ಯೋಗ್ಯರಾದ 2,143 ರೋಗಿಗಳನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ ಸುರುಳಿ ಹಾಕಿಸಿಕೊಂಡವರ ಸ್ಥಿತಿ ಹೆಚ್ಚು ಚೆನ್ನಾಗಿತ್ತು. ಆದರೂ ಉಬ್ಬಿನ ಜಾಗ, ಆಕಾರ ನೋಡಿ ಕೆಲವರಿಗೆ ಇಂದಿಗೂ ಕ್ಲಿಪ್ಪೇ ಸರಿ. ಅದನ್ನು ತಜ್ಞರು ತೀರ್ಮಾನಿಸಲಿ.

ಉಬ್ಬು ಮುಚ್ಚಿದ ಕೂಡಲೇ ಅಪಾಯ ಮುಗಿಯುವುದಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ. ಚೆಲ್ಲಿದ ರಕ್ತದ ಉರಿಗೆ ಮಿದುಳಿನ ಇತರ ನಾಳಗಳು ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಮುರುಟಿಕೊಳ್ಳಬಹುದು. ಅದರ ಹಾನಿ ತಗ್ಗಿಸಲು ನಿಮೊಡಿಪಿನ್ ಎಂಬ ಔಷಧಿಯನ್ನು ನಾಲ್ಕು ಗಂಟೆಗೊಮ್ಮೆ 21 ದಿನ ಕೊಡುತ್ತಾರೆ. ಅತ್ತಿಗೆಯವರಿಗೆ ಸುರುಳಿ ಹಾಕಿ ಯಶಸ್ವಿಯಾಯಿತೆಂದು ನಾವು ಉಸಿರು ಬಿಟ್ಟ ಮೇಲೆ, ಎಂಟನೆಯ ದಿನ, ಅವರ ಬಲಗೈ ಬಿದ್ದಿತು, ಮಾತು ತೊದಲಿತು. ಎರಡು ತಿಂಗಳ ಬಳಿಕ ಮನೆಗೆ ಬಂದರು. ಈಗ ನಡೆಯುತ್ತಾರೆ, ಎಡಗೈಯಲ್ಲಿ ಊಟ ಮಾಡುತ್ತಾರೆ. ಗೂಡನ್ನು ಕೈಗೆ ಕೊಟ್ಟರೆ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಿದ್ದರೆ ತಲೆಯಾಡಿಸುತ್ತಾರೆ. ‘ಗೂಡು’ ಎಂಬ ಮಾತು ಮಾತ್ರ ನಾಲಗೆಗೆ ಬರುವುದಿಲ್ಲ.

ಈಗ ಜಿಲ್ಲೆಯ ಮಾತು. ಹೃದಯಾಘಾತಕ್ಕೆ ನಮ್ಮ ರಾಜ್ಯದಲ್ಲಿ ಒಂದು ದಾರಿ ರೂಪುಗೊಂಡಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಓದಿ, ಮುಂದೇನು ಮಾಡಬೇಕೆಂದು ಹೇಳುತ್ತಾರೆ. ತಲೆಗೂ ಅಂಥದೇ ದಾರಿ ಬೇಕು. ಅದಕ್ಕೆ ನೆಲವೂ ಹದವಾಗಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗಕ್ಕೆ ಆರಿಸಿಕೊಂಡದ್ದೇ ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ದಕ್ಷಿಣ ಭಾಗವನ್ನು. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಪ್ರತಿ ತಾಲ್ಲೂಕಿಗೂ ಮಿದುಳು ಶಸ್ತ್ರಚಿಕಿತ್ಸಕರು ಬೇಕೆಂದು ನಾನು ಕೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಹಠಾತ್ ತಲೆನೋವಿನ ರೋಗಿಗೆ ಹಗಲಿರಲಿ ರಾತ್ರಿಯಿರಲಿ ಆರು ಗಂಟೆಯೊಳಗೆ ಜಿಲ್ಲೆಯೊಳಗೇ ಸಿ.ಟಿ. ಸ್ಕ್ಯಾನ್ ಆಗಬೇಕು, ಅದರ ಚಿತ್ರ ಆ ಕ್ಷಣವೇ ತಜ್ಞರಿಗೆ ಹೋಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ಇನ್ನೊಂದು, ಹಾಸಿಗೆಯ ವಿಷಯ. ಆ ರಾತ್ರಿ ನಾವು ವಿಜಯಪುರ, ದೇವನಹಳ್ಳಿ ದಾಟಿ ಬೆಂಗಳೂರು ಸೇರಿದೆವು. ಮೊದಲ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಎರಡನೆಯದರಲ್ಲಿ ಹಾಸಿಗೆ ಇತ್ತು, ಸುರುಳಿ ಹಾಕುವ ಸೌಲಭ್ಯ ಇರಲಿಲ್ಲ. ಆಂಬುಲೆನ್ಸಿನ ಹಿಂಬದಿಯಲ್ಲಿ ಅಣ್ಣ, ಹೆಂಡತಿಯ ತಲೆ ಅಲುಗಾಡದಂತೆ ಎರಡೂ ಕೈಗಳಲ್ಲಿ ಹಿಡಿದುಕೊಂಡು ಮೂರು ಗಂಟೆ ಮೊಣಕಾಲೂರಿ ಕುಳಿತಿದ್ದರು. ರೋಗಿಯನ್ನು ಕಳುಹಿಸುವ ಆಸ್ಪತ್ರೆಯೇ ಮೊದಲು ಫೋನ್ ಮಾಡಿ, ಹಾಸಿಗೆಯನ್ನೂ ಸೌಲಭ್ಯವನ್ನೂ ಖಚಿತಪಡಿಸಿಕೊಂಡು 108ರ ಚಾಲಕರಿಗೆ ಒಂದೇ ವಿಳಾಸ ಕೊಟ್ಟಿದ್ದರೆ ಆ ಮೂರು ಗಂಟೆ ಉಳಿಯುತ್ತಿತ್ತು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವು ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆಂಬುದನ್ನೂ ಹೊರಡುವ ಮೊದಲೇ ಹೇಳಿದರೆ, ಜಮೀನಿನ ಪತ್ರ ಹುಡುಕುವ ಸಂಕಟ ತಪ್ಪುತ್ತದೆ.

ಓದುಗರಲ್ಲಿ ಒಂದು ವಿನಂತಿ. ಬೀಡಿ, ಸಿಗರೇಟು ಮತ್ತು ಹಿಡಿತವಿಲ್ಲದ ಬಿ.ಪಿ. ಈ ಉಬ್ಬನ್ನು ಬೆಳೆಸುವ, ಒಡೆಸುವ ಮುಖ್ಯ ಕಾರಣಗಳು. ಮಾತ್ರೆ ತೆಗೆದುಕೊಂಡ ಮೇಲೆ ಬಿ.ಪಿ. ಸರಿಹೋಯಿತೆಂದು ತಾವಾಗಿಯೇ ನಿಲ್ಲಿಸಬೇಡಿ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಹೀಗಾಗಿದ್ದರೆ ಉಳಿದವರು ಮಿದುಳಿನ ರಕ್ತನಾಳಗಳ ಪರೀಕ್ಷೆ ಮಾಡಿಸಿಕೊಳ್ಳುವ ಬಗ್ಗೆ ತಜ್ಞರನ್ನು ಕೇಳಬೇಕು. ಅತ್ತಿಗೆಯವರ ತಾಯಿ ನಲವತ್ತೈದರ ವಯಸ್ಸಿನಲ್ಲಿ ‘ತಲೆ ಸಿಡಿಯುತ್ತಿದೆ’ ಎಂದು ಮಲಗಿದವರು ಮತ್ತೆ ಏಳಲಿಲ್ಲವಂತೆ. ಅದನ್ನು ಮನೆಯವರು ವಿಧಿ ಎಂದುಕೊಂಡಿದ್ದರು. ಈಗ ಅತ್ತಿಗೆಯವರ ಇಬ್ಬರು ಮಕ್ಕಳಿಗೂ ಎಂ.ಆರ್.ಐ. ಆಂಜಿಯೋಗ್ರಾಂ ಆಗಿದೆ, ಏನೂ ಇಲ್ಲವೆಂದು ವರದಿ ಬಂದಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಶುಶ್ರೂಷಕರು, ಆಶಾ ಕಾರ್ಯಕರ್ತೆಯರು ತಲೆನೋವಿನ ಪ್ರತಿ ರೋಗಿಗೂ ‘ಹೇಗೆ ಶುರುವಾಯಿತು, ಎಷ್ಟು ಹೊತ್ತಿನಲ್ಲಿ ಪೂರ್ತಿ ಏರಿತು’ ಎಂದು ಕೇಳುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚನೆ ನೀಡಬೇಕೆಂದು ಕೋರುತ್ತೇನೆ. ಆ ರಾತ್ರಿಯ ಸ್ಕ್ಯಾನ್ ಚಿತ್ರಗಳು ನಮ್ಮ ಮನೆಯಲ್ಲಿವೆ. ತರಬೇತಿಯಲ್ಲಿ ತೋರಿಸಲು ಬೇಕೆಂದರೆ ಕೊಡಲು ಅತ್ತಿಗೆಯವರೂ ಮಕ್ಕಳೂ ಒಪ್ಪಿದ್ದಾರೆ, ತಂದುಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ