ಗೆಳೆಯನಿಗೊಂದು ಪತ್ರ: ಮಕ್ಕಳನ್ನು ಅಳಿವೆಗೆ ಇಳಿಸುವ ಮುನ್ನ

ಗೆಳೆಯಾ,

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಬಗ್ಗೆ ಊರವರಿಗೆ ಗೊತ್ತಿರುವುದನ್ನು ನಿನ್ನ ಶಾಲೆಯ ಮಕ್ಕಳು ಬರೆದಿಡಲು ಹೊರಟಿದ್ದಾರಲ್ಲ, ಪ್ರಶ್ನಾವಳಿ ಆಮೇಲೆ ಇರಲಿ, ಮೊದಲು ಪಂಚಾಂಗ ತೆಗೆ. ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವವರ ದಿನ ನಡೆಯುವುದೇ ಇಳಿತದ, ಅಂದರೆ ಕಡಲ ನೀರು ಇಳಿಯುವ ಹೊತ್ತಿನ ಪ್ರಕಾರ. ಆ ಲೆಕ್ಕ ತಿಳಿಯದ ಹುಡುಗರು ಹೋಗುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ.

ಭರತ, ಅಂದರೆ ಕಡಲ ನೀರಿನ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ತಿಥಿಗೆ ಎರಡು ಗಳಿಗೆ, ಅಂದರೆ 48 ನಿಮಿಷ ಎಂದು ಹಿಡಿ. ಅಮಾವಾಸ್ಯೆಯಂದು ನಿಮ್ಮ ದಡದಲ್ಲಿ ನೀರು ತುಂಬುವುದು ಎಷ್ಟಕ್ಕೆ ಎಂದು ಹಿರಿಯರನ್ನು ಕೇಳಲಿ. ಅವರು 11 ಗಂಟೆ ಎಂದರೆ ಪಂಚಮಿಗೆ 240 ನಿಮಿಷ ಸೇರಿಸಿ, ಮಧ್ಯಾಹ್ನ 3. ಇಳಿತ ಅದಕ್ಕೆ ಆರು ಗಂಟೆ ಚಿಲ್ಲರೆ ಮೊದಲು. ಆಮೇಲೆ ಸರ್ವೆ ಆಫ್ ಇಂಡಿಯಾದ ಭರತ-ಇಳಿತದ ಕೋಷ್ಟಕದ ಜೊತೆ ತಾಳೆ ನೋಡಲಿ. ಅಷ್ಟಮಿಯ ಆಸುಪಾಸಿನಲ್ಲಿ ಲೆಕ್ಕ ಜಾರುತ್ತದೆ. ಅಳಿವೆ ಬಾಯಿಗಿಂತ ಒಳಗಿನ ಊರಿಗೆ ಭರತ ತಡವಾಗಿ ಮುಟ್ಟುತ್ತದೆ. ಮಳೆಗಾಲದಲ್ಲಂತೂ ಹೊಳೆ ನೀರು ಎಲ್ಲವನ್ನೂ ಕಲಸಿಬಿಡುತ್ತದೆ. ಹಾಗಾಗಿ ‘ಅಜ್ಜ ಹೇಳಿದ್ದು ತಪ್ಪು’ ಎಂದು ಬರೆಯುವ ಮೊದಲು ಯಾವ ಜಾಗದ, ಯಾವ ತಿಂಗಳ ಮಾತು ಎಂದು ನೋಡಬೇಕು. ತಿಥಿ, ಜಾಗ ಇಲ್ಲದ ಹೇಳಿಕೆ ಬರೆದುಕೊಂಡೂ ಪ್ರಯೋಜನವಿಲ್ಲ.

ಬಳಚಿನ ಎಣಿಕೆಗೆ ಪಿವಿಸಿ ಪೈಪಿನ ಚೌಕಟ್ಟು ಸಾಕು. ಎಲ್ಬೋ ಕೂಡಿಸಿದಾಗ ಅಳತೆ ಬದಲಾಗುತ್ತದೆ, ಒಳ ಅಂಚಿನಿಂದ ಒಳ ಅಂಚಿಗೆ 50 ಸೆಂ.ಮೀ. ಬರುವಂತೆ ಕತ್ತರಿಸು. ಪೈಪಿಗೆ ಅಲ್ಲಲ್ಲಿ ತೂತು ಕೊರೆ, ಇಲ್ಲದಿದ್ದರೆ ತೇಲುತ್ತದೆ. ಚೌಕಟ್ಟನ್ನು ಕಣ್ಣು ಮುಚ್ಚಿ ಎಸೆಯಬೇಡಿ, ಹಗ್ಗ ಹಾಸಿ ಪ್ರತಿ 10 ಮೀಟರಿಗೊಮ್ಮೆ ಇಡಿ. ಬಳಚು ಕಂಡಲ್ಲೇ ಇಡುವುದು ಮಕ್ಕಳ ಚಾಳಿ, ಎಣಿಕೆ ಕೆಡುವುದೇ ಅಲ್ಲಿ. 10 ಸೆಂ.ಮೀ. ಆಳ ಕೆದಕಿ, ಜರಡಿ ಹಿಡಿದು, ಎಣಿಸಿ, ಅಳೆದು, ಅಲ್ಲೇ ಹೂಳಿಬಿಡಿ. ನಾಲ್ಕರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಎಂದು ಸಿಗುತ್ತದೆ.

ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲು ಇಳಿದು, ಏರಲು ಶುರುವಾದೊಡನೆ ದಡ ಸೇರಬೇಕು. ಕಲಗ ಎಂಬ ಚಿಪ್ಪಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಹಳೆಯ ಶೂ ಇರಲಿ. ಜೂನ್‌ನಿಂದ ಮಳೆ ನಿಲ್ಲುವವರೆಗೆ ನೀರಿಗೆ ಇಳಿಸಲೇಬೇಡ. ಆ ದಿನಗಳಲ್ಲಿ ಮಾತು ಕೇಳಿ ಬರೆದುಕೊಳ್ಳಲಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಬಲೆ ಹೆಣೆಯುತ್ತ ಕೂತವರಿಗೆ ಪುರುಸೊತ್ತೂ ಇರುತ್ತದೆ.

ಕೇಳುವಾಗ ಫೋಟೋ ತೋರಿಸಬೇಡಿ, ಚಿಪ್ಪನ್ನೇ ಕೈಗೆ ಕೊಡಿ. ಉಜ್ಜಿ, ತಿರುಗಿಸಿ ನೋಡಿಯೇ ಅವರು ಹೇಳುವುದು. ಕೊಂಕಣಿಯಲ್ಲಿ ಹೇಳಿದ ಹೆಸರನ್ನು ತಿದ್ದದೆ ಹಾಗೇ ಬರೆಯಿರಿ. ದೋಣಿಯ ಯಜಮಾನರನ್ನಷ್ಟೇ ಕೇಳಿ ಬಂದರೆ ಅರ್ಧ ಕೆಲಸವೂ ಆಗಿಲ್ಲ ಎಂದೇ ತಿಳಿ. ಚಿಪ್ಪಿನ ಗುಟ್ಟು ಗೊತ್ತಿರುವುದು ಸೊಂಟದವರೆಗೆ ನೀರಲ್ಲಿ ನಿಂತು ಕಾಲಲ್ಲಿ ತಡಕುವ ಹೆಂಗಸರಿಗೆ.

ಇನ್ನೊಂದು. ಅಘನಾಶಿನಿ ಈಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿದೆ, ನಕ್ಷೆ ಬರೆದು ನಾಲ್ಕು ಜನಕ್ಕೆ ತೋರಿಸುವ ಉತ್ಸಾಹ ಮಕ್ಕಳಿಗೆ ಬಂದೇ ಬರುತ್ತದೆ. ಬಳಚಿನ ದಿಬ್ಬಗಳ ಜಿಪಿಎಸ್ ಗುರುತನ್ನು ಮಾತ್ರ ಅದರಲ್ಲಿ ಹಾಕಬೇಡಿ, ಹೊರಗಿನವರು ಚೀಲ ಹಿಡಿದು ಬಂದಾರು. ಗುರುತಿರುವ ನಕ್ಷೆಯ ಪ್ರತಿಯು ಮಾಹಿತಿ ಕೊಟ್ಟವರ ಬಳಿಯೇ ಇರಲಿ, ಶಾಲೆಯ ಗೋಡೆಗೆ ಗುರುತಿಲ್ಲದ್ದು.

ನಿನ್ನ
ಗೆಳೆಯ