ಕೈಗವಸು ಜಾರಿರಲಿಲ್ಲ

ತುಮಕೂರು
ಡಿಸೆಂಬರ್ 15

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಎರಡು ಸಲ ಮತ್ತೆ ಮಾಡೋಣ ಅಂತ ಕೈಗೆತ್ತಿಕೊಂಡೆ, ಮಾಡಲಿಲ್ಲ. ಫೋನಿನಲ್ಲಿ ಮಾತು ಶುರುವಾದರೆ ನನ್ನ ದನಿ ತಾನಾಗಿಯೇ ಏರುತ್ತದೆ. ಅದಕ್ಕೇ ಬರೆಯಲು ಕೂತೆ. ಈ ಕಾಗದವನ್ನು ಸ್ವೆಟರ್ ಪಾರ್ಸೆಲ್ ಒಳಗೇ ಇಡುತ್ತೇನೆ. ನೀನು 22ಕ್ಕೆ ಮೈಸೂರು ಬಿಡುವ ಮುಂಚೆ ಹಾಸ್ಟೆಲ್‌ಗೆ ತಲುಪುತ್ತದೆ ಅಂತ ನಿಮ್ಮಪ್ಪ ಹೇಳಿದ್ದಾರೆ. ಅಂಚೆ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದವರ ಲೆಕ್ಕ, ನಂಬಿದ್ದೇನೆ.

ದಿಲ್ಲಿಗೆ ಹೋಗಲೇಬೇಡ ಅಂತ ಕೂಗಿದ್ದು ನನ್ನ ತಪ್ಪು. ನೀನು ದುಡ್ಡು ಕೂಡಿಟ್ಟು, ಟಿಕೆಟ್ ಮಾಡಿಸಿ, ಎಲ್ಲ ಮುಗಿಸಿಕೊಂಡು ಖುಷಿಯಲ್ಲಿ ಹೇಳಲು ಬಂದಿದ್ದೆ. ‘ಮುನಿರ್ಕಾದಲ್ಲಿ ಗೆಳತಿಯ ಅಕ್ಕನ ಮನೆ ಇದೆ, ಅಲ್ಲೇ ಇರ್ತೀವಿ’ ಅಂದೆ. ಆ ಹೆಸರು ಕಿವಿಗೆ ಬಿದ್ದದ್ದೇ ನನಗೆ 2012ರ ಡಿಸೆಂಬರ್ 16 ಕಣ್ಣ ಮುಂದೆ ಬಂತು. ಎಲ್ಲರೂ ನಿರ್ಭಯಾ ಅಂದ ಆ ಹುಡುಗಿ ಬಸ್ಸು ಹತ್ತಿದ್ದು ಮುನಿರ್ಕಾದಲ್ಲೇ. ನಾವು ದಿಲ್ಲಿ ನೋಡಿ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಅಲ್ಲಿ ಸಾವಿರಾರು ಸಂಸಾರ ಬದುಕುತ್ತಿವೆ, ನಿನ್ನ ಹಾಗೆ ಓದುವ ಮಕ್ಕಳೇ ತುಂಬಿದ್ದಾರೆ, ಗೊತ್ತು. ಗೊತ್ತಿದ್ದೂ ಕೂಗಿದೆ.

ಅದಕ್ಕೆ ನೀನು ಅಂದೆ, ‘ಅವತ್ತು ಕೈ ಬಿಟ್ಟಿದ್ದು ನಾನಲ್ಲಮ್ಮ, ನೀನು.’

2011ರ ಆ ಪ್ರವಾಸದ ಬಾಕಿ ಕಥೆಯೆಲ್ಲ ನಿನಗೂ ಗೊತ್ತು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಅಜ್ಜಿಯ ಪುಳಿಯೋಗರೆ, ಕರೋಲ್ ಬಾಗ್‌ನ ಲಾಡ್ಜು. ಅದನ್ನು ಬಿಡು. ರಾಜೀವ್ ಚೌಕ್ ಮೆಟ್ರೊ ನಿಲ್ದಾಣದಲ್ಲಿ ಆದದ್ದೊಂದನ್ನೇ ಬರೆಯುತ್ತೇನೆ.

ಕೆಂಪು ಕೋಟೆ ನೋಡಿಕೊಂಡು ವಾಪಸು ಬರುತ್ತಿದ್ದೆವು. ಈಗ ಕೋಟೆಯ ಎದುರಿಗೇ ಲಾಲ್ ಕಿಲಾ ನಿಲ್ದಾಣ ಇದೆ, 2017ರಲ್ಲಿ ಆಯಿತು. ಆಗ ಚಾಂದನಿ ಚೌಕದವರೆಗೆ ಆ ಜನಜಂಗುಳಿಯಲ್ಲಿ ನಡೆದೇ ಬರಬೇಕಿತ್ತು. ಅಲ್ಲಿಂದ ಯೆಲ್ಲೋ ಲೈನ್ ಹಿಡಿದು ರಾಜೀವ್ ಚೌಕ್‌ನಲ್ಲಿ ಇಳಿದು, ಕರೋಲ್ ಬಾಗ್‌ಗೆ ಬ್ಲೂ ಲೈನ್ ಹತ್ತಬೇಕು. ಸಂಜೆ ಆಫೀಸು ಬಿಡುವ ಹೊತ್ತು. ಮುಂದೆ ಅಜ್ಜಿಯನ್ನು ಹಿಡಿದುಕೊಂಡು ನಿಮ್ಮಪ್ಪ, ಹಿಂದೆ ನಾನು, ನನ್ನ ಎಡಗೈಯಲ್ಲಿ ನೀನು. ಬಾಗಿಲು ತೆರೆಯಿತು. ಇಳಿಯುವವರಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಮಗೆ ತಿಳಿಯದು. ಹಿಂದಿನಿಂದ ತಳ್ಳಿದರು, ಒಳಗೆ ಹೋಗಿಬಿಟ್ಟೆ. ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಗಾಜಿನ ಆಚೆ ನೀನಿದ್ದೆ, ಅಜ್ಜಿ ಹೆಣೆದ ಹಸಿರು ಸ್ವೆಟರ್ ಹಾಕಿಕೊಂಡು, ನನ್ನನ್ನೇ ನೋಡುತ್ತಾ. ಏಳು ವರ್ಷ. ಹಿಂದಿಯಲ್ಲಿ ಒಂದು ಮಾತು ಬರದು.

ಮುಂದಿನ ನಿಲ್ದಾಣ ರಾಮಕೃಷ್ಣ ಆಶ್ರಮ ಮಾರ್ಗ. ಅಲ್ಲಿಗೆ ಎರಡೋ ಮೂರೋ ನಿಮಿಷದ ದಾರಿ ಅಷ್ಟೆ. ಇಳಿದು, ಆಚೆ ಬದಿಯ ಪ್ಲಾಟ್‌ಫಾರ್ಮಿಗೆ ಹೋಗಿ, ವಾಪಸು ಬರುವ ಗಾಡಿ ಹಿಡಿದು ನಾವು ಬರುವಷ್ಟರಲ್ಲಿ ನಿಮ್ಮಪ್ಪನ ಕೈಗಡಿಯಾರದಲ್ಲಿ 11 ನಿಮಿಷ ಆಗಿತ್ತು. ಆ 11 ನಿಮಿಷವನ್ನು ನಾನು ಎಷ್ಟು ಸಲ ಎಣಿಸಿದ್ದೇನೋ. ಬೋರ್ಡಿನ ಮೇಲೆ ಪಾಠ ಬರೆಯುತ್ತಾ ಎಣಿಸಿದ್ದೇನೆ. ನಿನಗೆ ಜ್ವರ ಬಂದ ರಾತ್ರಿಗಳಲ್ಲಿ ಎಣಿಸಿದ್ದೇನೆ. ನೀನು ಮೈಸೂರಿಗೆ ಹೋದ ದಿನ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಎಣಿಸಿದ್ದೇನೆ. ಬ್ಯಾಗು ಎತ್ತಿಕೊಟ್ಟು ಸುಮ್ಮನೆ ನಿಂತಿದ್ದೆನಲ್ಲ, ಅವತ್ತು.

ಮನೆಗೆ ಬಂದ ನೆಂಟರಿಗೆಲ್ಲ ನಾನು ಹೇಳುತ್ತಾ ಬಂದದ್ದು, ‘ಉಲ್ಲನ್ ಕೈಗವಸು ನೋಡಿ, ಜಾರಿಬಿಡ್ತು, ಕೈಗವಸು ನನ್ನ ಕೈಲಿ ಉಳೀತು, ಮಗು ಅಲ್ಲಿ ಉಳೀತು’ ಅಂತ. ನೀನೂ ಅದನ್ನೇ ಕೇಳುತ್ತಾ ಬೆಳೆದೆ. ಪುಟ್ಟಿ, ಕೈಗವಸು ಜಾರಿರಲಿಲ್ಲ. ಕಡಲೆಕಾಯಿ ಸುಲಿಯುವುದಕ್ಕೆ ಅಂತ ಕೋಟೆಯ ಹತ್ತಿರವೇ ನೀನು ಅದನ್ನು ಬಿಚ್ಚಿ ನನಗೆ ಕೊಟ್ಟಿದ್ದೆ. ಅದು ನನ್ನ ಬ್ಯಾಗಿನಲ್ಲಿತ್ತು. ಬಾಗಿಲ ಹತ್ತಿರ ಬ್ಯಾಗಿನ ಪಟ್ಟಿ ಯಾರದೋ ತೋಳಿಗೆ ಸಿಕ್ಕಿಕೊಂಡಿತು. ಅದರೊಳಗೆ ಊರಿಗೆ ವಾಪಸು ಹೋಗುವ ಟಿಕೆಟ್ಟು, ಉಳಿದಿದ್ದ ದುಡ್ಡು. ಎರಡೂ ಕೈಯಲ್ಲಿ ಬ್ಯಾಗು ಎಳೆದುಕೊಂಡೆ. ಎಳೆದುಕೊಳ್ಳುವುದಕ್ಕೆ ನಿನ್ನ ಕೈ ಬಿಟ್ಟೆ. ಇದನ್ನು ನಿಮ್ಮಪ್ಪನಿಗೂ ಹೇಳಿರಲಿಲ್ಲ, ನಿನ್ನೆ ರಾತ್ರಿ ಹೇಳಿದೆ.

ಇನ್ನೊಂದೂ ಇದೆ. ನಾವು ಓಡಿ ಬಂದಾಗ ನೀನು ಅಳುತ್ತಿರಲಿಲ್ಲ. ಮೆಟ್ರೊ ಕಾಯುವ ಸಿಐಎಸ್‌ಎಫ್ ಪಡೆಯ ಒಬ್ಬ ಹೆಣ್ಣುಮಗಳು ನಿನ್ನ ಪಕ್ಕ ಮಂಡಿಯೂರಿ ಕೂತಿದ್ದಳು. ಬಾಗಿಲು ಮುಚ್ಚಿದ ಜಾಗದಲ್ಲೇ ನೀನು ನಿಂತಿದ್ದೆ, ಒಂದು ಹೆಜ್ಜೆ ಆಚೆ ಈಚೆ ಹೋಗಿರಲಿಲ್ಲ. ಅಷ್ಟು ಸಣ್ಣ ಮಗು ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿತ್ತು. ನಾನು ಬಂದವಳೇ ನಿನ್ನ ಬೆನ್ನಿಗೆ ಹೊಡೆದೆ. ಆಮೇಲೆ ನೀನು ಅತ್ತೆ. ಆ ಹೆಣ್ಣುಮಗಳು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ನಿನ್ನ ಹತ್ತಿರ ಕ್ಷಮೆ ಕೇಳುವುದು 13 ವರ್ಷ ತಡವಾಯಿತು, ಮಗಳೇ.

ಮಾರನೆಯ ದಿನದಿಂದ ನಾನು ಲಾಡ್ಜಿನಿಂದ ಹೊರಗೆ ಹೊರಡಲಿಲ್ಲ, ನಿನ್ನನ್ನೂ ಬಿಡಲಿಲ್ಲ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಆಗ್ರಾ ಎಲ್ಲ ಅಲ್ಲಿಗೇ ನಿಂತವು. ಸಮಾಜ ಪಾಠ ಹೇಳುವ ಮೇಡಂ ನಾನು. ಹುಮಾಯೂನ್ ಸಮಾಧಿಯನ್ನು ಕಟ್ಟಿಸಿದ್ದು ಅವನ ಹೆಂಡತಿ ಬೇಗಾ ಬೇಗಂ, ತಾಜ್ ಮಹಲ್‌ಗಿಂತ ಸುಮಾರು 80 ವರ್ಷ ಮುಂಚೆ ಎಂದು ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಆ ಊರಿನಲ್ಲೇ ಇದ್ದೂ ನೋಡದೆ ಬಂದೆ. ನೀನು ಈಗ ಆರ್ಕಿಟೆಕ್ಚರ್ ಓದುತ್ತಿರುವವಳು. ಕೆಂಪು ಕಲ್ಲಿನ ಮಧ್ಯೆ ಬಿಳಿ ಅಮೃತಶಿಲೆಯ ಪಟ್ಟಿ ಕೂರಿಸಿದ್ದಾರಲ್ಲ, ಅದನ್ನು ಹತ್ತಿರ ಹೋಗಿ ನೋಡು. ತೋಟವನ್ನು ನಾಲ್ಕು ಪಾಲು ಮಾಡಿ ನೀರು ಹರಿಸಿದ ಕಾಲುವೆಯನ್ನೂ ನೋಡು. ಬರೆದುಕೊಂಡು ಬಾ, ನನ್ನ ಮಕ್ಕಳಿಗೆ ಹೇಳುತ್ತೇನೆ.

ಕುತುಬ್ ಮಿನಾರ್ ಮೇಲೆ ಹತ್ತಲು ಬಿಡುವುದಿಲ್ಲ, ಕೇಳಲೂ ಹೋಗಬೇಡ. 1981ರ ಡಿಸೆಂಬರ್ 4ರಂದು ಒಳಗೆ ದೀಪ ಆರಿ, ಆ ಕಿರಿದಾದ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ 45 ಜನ ಸತ್ತರು. ಹೆಚ್ಚಿನವರು ಪ್ರವಾಸಕ್ಕೆ ಬಂದಿದ್ದ ಶಾಲೆಯ ಮಕ್ಕಳು. ಅದಕ್ಕೇ ಹೇಳುವುದು, ಎಲ್ಲೇ ಆಗಲಿ ಜನ ಒತ್ತಿ ಬಂದರೆ ನೀನೂ ತಳ್ಳಬೇಡ, ಪಕ್ಕಕ್ಕೆ ಸರಿದು ಗೋಡೆ ಹಿಡಿದುಕೋ. ಒಂದು ಮೆಟ್ರೊ ಹೋದರೆ ಇನ್ನೊಂದು ಬರುತ್ತದೆ. ಮೊದಲನೇ ಬೋಗಿ ಹೆಂಗಸರದು, ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆಯಬೇಕಾದರೂ ಸರಿ, ಅದನ್ನೇ ಹತ್ತು. 31ರ ಸಂಜೆ ಕನಾಟ್ ಪ್ಲೇಸ್ ಕಡೆ ಹೋಗಲೇಬೇಡಿ. ಹೊಸ ವರ್ಷದ ಹಿಂದಿನ ರಾತ್ರಿ ಅಲ್ಲಿನ ರಾಜೀವ್ ಚೌಕ್‌ ನಿಲ್ದಾಣದಲ್ಲಿ ಹೊರಗೆ ಹೋಗುವ ಬಾಗಿಲನ್ನೇ ಮುಚ್ಚಿಬಿಡುತ್ತಾರೆ, ಅಷ್ಟು ಜನ.

ಕೆಂಪು ಕೋಟೆಗೆ ಸೋಮವಾರ ರಜೆ, ತಾಜ್ ಮಹಲ್‌ಗೆ ಶುಕ್ರವಾರ. ಆಗ್ರಾಕ್ಕೆ ನಸುಕಿನಲ್ಲಿ ಟ್ಯಾಕ್ಸಿ ಮಾಡಿಕೊಂಡು ಹೋಗುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಆ ಹೊತ್ತಿನಲ್ಲೇ ಮಂಜು ದಟ್ಟ, ಎದುರಿಗೆ ನಿಂತ ಲಾರಿಯೂ ಕಾಣುವುದಿಲ್ಲ. ನಿಜಾಮುದ್ದೀನ್‌ನಿಂದ ಗತಿಮಾನ್ ರೈಲಿದೆ, 100 ನಿಮಿಷದ ದಾರಿ. ಮಂಜಿಗೆ ಅದು ತಡವಾದರೂ ಆಗಲಿ, ಕಾಯಿರಿ. ನೀವು ಹೋಗುವ ರೈಲೂ ಉತ್ತರದ ಕಡೆ ಸೇರಿದ ಮೇಲೆ ಗಂಟೆಗಟ್ಟಲೆ ತಡವಾಗಬಹುದು. ಚಪಾತಿ ಒಂದು ಹೊತ್ತಿಗೆ ಹೆಚ್ಚು ಕಟ್ಟಿಕೊಂಡು ಹೋಗಿ. ಕೋಡುಬಳೆ, ಚಟ್ನಿಪುಡಿ ಪಾರ್ಸೆಲ್‌ನಲ್ಲೇ ಇವೆ. ಹೊಗೆ ಗಾಳಿಗೆ ಮಾಸ್ಕ್ ಹಾಕಿಕೋ, ನಿನಗೆ ಗಂಟಲು ಬೇಗ ಕಟ್ಟುತ್ತದೆ.

ಊಟಕ್ಕೆ ಬಾಯಿ ಕೆಟ್ಟರೆ ರಾವ್ ತುಲಾ ರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ಅದರ ಹತ್ತಿರದ ಪಿಂಕ್ ಲೈನ್ ನಿಲ್ದಾಣಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿಟ್ಟಿದ್ದಾರೆ, ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್. ಓದಿ ಎಷ್ಟು ಹೆಮ್ಮೆಯಾಯಿತು ಗೊತ್ತಾ! ಆ ಬೋರ್ಡಿನ ಕೆಳಗೆ ನಿಂತು ಒಂದು ಫೋಟೊ ಕಳಿಸು. ಒಂದು ದಿನ ಬೆಳಿಗ್ಗೆ ಚಾಂದನಿ ಚೌಕಕ್ಕೆ ಹೋಗಿ ದೌಲತ್ ಕಿ ಚಾಟ್ ತಿನ್ನಿ. ಹಾಲಿನ ನೊರೆಯ ಸಿಹಿ, ಚಳಿಗಾಲದಲ್ಲಿ ಮಾತ್ರ ಸಿಗುವುದು. ಅವತ್ತು ಅಜ್ಜಿ ನಿನ್ನ ಬಾಯಿಗೆ ಇಟ್ಟಾಗ ‘ಎಲ್ಲಿ ಹೋಯ್ತು ಅಜ್ಜಿ?’ ಅಂತ ಕೇಳಿದ್ದೆ. ಅಜ್ಜಿ ಕೊನೆಯವರೆಗೂ ಅದನ್ನು ಹೇಳಿಕೊಂಡು ನಗುತ್ತಿದ್ದರು.

ನೀನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದ ನಕ್ಷೆಯನ್ನು ನಿಮ್ಮಪ್ಪ ದೊಡ್ಡದಾಗಿ ಪ್ರಿಂಟ್ ತೆಗೆಸಿ ತಂದಿದ್ದಾರೆ. ಯಾವ ದಿನ ಯಾವ ಲೈನು, ಎಲ್ಲಿ ಬದಲಿಸುವುದು, ನಿಲ್ದಾಣದಿಂದ ಎಷ್ಟು ನಡಿಗೆ, ಎಲ್ಲಿ ಆಟೊ, ಬಣ್ಣದ ಪೆನ್ಸಿಲಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯ. ಕೂಗುವ ಮುಂಚೆ ಅದನ್ನು ಒಂದು ಸಲ ನೋಡಬೇಕಿತ್ತು ನಾನು. ರಾತ್ರಿ ಕನ್ನಡಕ ಹಾಕಿಕೊಂಡು ಮೊದಲ ದಿನದ ದಾರಿಯನ್ನು ಬೆರಳಿನಲ್ಲಿ ಹಿಡಿದು ನೋಡಿದೆ. ನ್ಯೂ ಡೆಲ್ಲಿ ಸ್ಟೇಷನ್ನಿನಲ್ಲಿ ಅಜ್ಮೇರಿ ಗೇಟ್ ಕಡೆ ಹೊರಗೆ ಬಂದು ಯೆಲ್ಲೋ ಲೈನ್, ಹೌಜ್ ಖಾಸ್‌ನಲ್ಲಿ ಬದಲಿಸಿ ಮೆಜೆಂಟಾ, ಆಮೇಲೆ ಮುನಿರ್ಕಾ. ಸರಿಯಾಗಿದೆ. ಸಾಮಾನು ಹಿಡಿದು ಹೊರಗೆ ಬರುವಾಗ ಯಾರಾದರೂ ಬಂದು ಮೆಟ್ರೊ ಬಂದ್ ಆಗಿದೆ, ಗಾಡಿ ಮಾಡಿಕೊಡುತ್ತೇನೆ ಅಂದರೆ ನಿಲ್ಲಬೇಡಿ, ನಡೆದುಬಿಡಿ.

ನ್ಯೂ ಡೆಲ್ಲಿಯಾದ ಮೇಲೆ ಮೊದಲ ನಿಲ್ದಾಣವೇ ರಾಜೀವ್ ಚೌಕ್. ಬಾಗಿಲು ತೆರೆಯುತ್ತದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ. ನೀನು ಇಳಿಯುವುದಿಲ್ಲ, ಗೊತ್ತು. ಆದರೂ ಅಲ್ಲಿಂದ ನನಗೆ ಫೋನ್ ಮಾಡಬೇಡ. ಹೌಜ್ ಖಾಸ್‌ಗೆ ಬಂದ ಮೇಲೆ ಮಾಡು.

ನಿನ್ನ
ಅಮ್ಮ